ಹೃದಯಕ್ಕೆ ಆಸರೆಯ ಯಂತ್ರ: ಎರಡು ಚಿತ್ರ ಕೂಡಿಸಿ ದಾರಿ ಕಾಣುವ ಬಗೆ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹೃದ್ರೋಗಿಗಳನ್ನು ಹುಬ್ಬಳ್ಳಿ, ಕಲಬುರಗಿ ಅಥವಾ ಬೆಂಗಳೂರಿನ ದೊಡ್ಡ ಕೇಂದ್ರಗಳಿಗೆ ಕಳಿಸಿದಾಗ ಮನೆಯವರು ಕೇಳುವ ಪ್ರಶ್ನೆ ಒಂದೇ: "ಇಸಿಜಿ ಆತು, ಎಕೋ ಆತು, ಆಂಜಿಯೋಗ್ರಾಂ ಸುದ್ದಾ ಆತು. ಈಗ ಮತ್ತ ಸಿ.ಟಿ. ಸ್ಕ್ಯಾನ್ ಯಾಕ್ರಿ?"

ಪ್ರಶ್ನೆ ಸಹಜವಾದದ್ದೇ. ದುಡ್ಡು ಹೊಂದಿಸುವವರು ನೀವು, ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವವರೂ ನೀವು. ಹೃದಯಕ್ಕೆ ಆಸರೆ ಕೊಡುವ ಯಂತ್ರವನ್ನು ಇಡುವಾಗ ಒಂದಕ್ಕಿಂತ ಹೆಚ್ಚು ಚಿತ್ರಗಳು ಏಕೆ ಬೇಕು, ಅವುಗಳನ್ನು ಕೂಡಿಸಿ ನೋಡುವ "ಫ್ಯೂಜನ್ ಇಮೇಜಿಂಗ್" ಅಂದರೇನು, ಅದರಲ್ಲಿ ನಿಮ್ಮ ಪಾಲಿನ ಕೆಲಸವೇನು ಎಂಬುದನ್ನು ಇಲ್ಲಿ ತಿಳಿಸಿದೆ. ಸಾವಧಾನವಾಗಿ ಓದಿರಿ. ಓದಲು ಬಾರದವರಿಗೆ ಓದಿ ಹೇಳಿರಿ.

ಹೃದಯ ಸೋತಾಗ ಆಗುವುದೇನು?

ಹೃದಯವು ಒಂದು ಪಂಪಿನಂತೆ ಕೆಲಸ ಮಾಡುವ ಅಂಗ. ವಿಶ್ರಾಂತಿಯಲ್ಲಿರುವ ಆರೋಗ್ಯವಂತರಲ್ಲಿ ಅದು ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೆ ಸುಮಾರು 70 ಮಿ.ಲೀ. ರಕ್ತವನ್ನು ಹೊರಗೆ ತಳ್ಳುತ್ತದೆ. ಅಂದರೆ ನಿಮಿಷಕ್ಕೆ ಸುಮಾರು 5 ಲೀಟರ್. ಈ ಕೆಲಸದ ಹೆಚ್ಚಿನ ಭಾರ ಬೀಳುವುದು ಹೃದಯದ ಎಡಭಾಗದ ಕೆಳಕೋಣೆಯ ಮೇಲೆ.

ದೊಡ್ಡ ಹೃದಯಾಘಾತವಾದಾಗ ಈ ಕೋಣೆಯ ಸ್ನಾಯು ಏಕಾಏಕಿ ದುರ್ಬಲವಾಗುತ್ತದೆ. ರಕ್ತದೊತ್ತಡ ಇಳಿಯುತ್ತದೆ. ಕೈಕಾಲು ತಣ್ಣಗಾಗುತ್ತವೆ, ಮೈ ಬೆವರುತ್ತದೆ, ಮೂತ್ರ ಕಡಿಮೆಯಾಗುತ್ತದೆ, ರೋಗಿ ಮಂಕಾಗುತ್ತಾರೆ. ಇದಕ್ಕೆ ವೈದ್ಯರು "ಕಾರ್ಡಿಯೋಜೆನಿಕ್ ಶಾಕ್" ಎನ್ನುತ್ತಾರೆ. ಇದು ಪ್ರಾಣಕ್ಕೆ ಅಪಾಯದ ಸ್ಥಿತಿ. ಮುಚ್ಚಿದ ರಕ್ತನಾಳವನ್ನು ತೆರೆಯುವುದು ಮುಖ್ಯ ಚಿಕಿತ್ಸೆ. ಅದರ ಜೊತೆಗೆ ಸೋತ ಹೃದಯಕ್ಕೆ ಕೆಲವು ದಿನ ಆಸರೆ ಕೊಡಲು ಕೆಲವರಿಗೆ ಯಂತ್ರ ಬೇಕಾಗುತ್ತದೆ.

ಆಸರೆಯ ಯಂತ್ರಗಳು

1. ಬಲೂನ್ ಪಂಪ್: ತೊಡೆಸಂದಿನ ರಕ್ತನಾಳದಿಂದ ಉದ್ದನೆಯ ಬಲೂನನ್ನು ಮಹಾಧಮನಿಯೊಳಗೆ ಇಡುತ್ತಾರೆ. ಹೃದಯದ ಬಡಿತಕ್ಕೆ ಸರಿಯಾಗಿ ಅದರಲ್ಲಿ ಹೀಲಿಯಂ ಅನಿಲ ತುಂಬಿ ಬರಿದಾಗುತ್ತದೆ. ರೋಗಿಗಳಲ್ಲಿ ಇದರ ಬಳಕೆ 1967ರಲ್ಲಿ ಆರಂಭವಾಯಿತು.

2. ಒಳಗಿಡುವ ಕಿರುಪಂಪ್: ಇದನ್ನೂ ಸಾಮಾನ್ಯವಾಗಿ ತೊಡೆಸಂದಿನಿಂದಲೇ ಕಳಿಸುತ್ತಾರೆ. ಮಹಾಧಮನಿಯ ಕವಾಟ ದಾಟಿ ಅದರ ತುದಿ ಎಡ ಕೆಳಕೋಣೆಯಲ್ಲಿ ಕೂರುತ್ತದೆ. ಅಲ್ಲಿಂದ ರಕ್ತವನ್ನು ಎಳೆದು ಮಹಾಧಮನಿಗೆ ಬಿಡುತ್ತದೆ. ಇಂಪೆಲ್ಲಾ ಎಂಬುದು ಈ ಬಗೆಯ ಪಂಪ್.

3. ದೀರ್ಘಕಾಲದ ಪಂಪ್: ಹೃದಯ ಮತ್ತೆ ಚೇತರಿಸಿಕೊಳ್ಳುವ ಸಾಧ್ಯತೆ ಇಲ್ಲದ ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಿ ಕೂಡಿಸುವಂಥದ್ದು. ಇದಕ್ಕೆ ಎಲ್‌ವ್ಯಾಡ್ ಎನ್ನುತ್ತಾರೆ. ಇದರ ಬ್ಯಾಟರಿ ದೇಹದ ಹೊರಗಿರುತ್ತದೆ.

ಈ ಯಂತ್ರಗಳು ಪವಾಡ ಮಾಡುವುದಿಲ್ಲ. ಬಲೂನ್ ಪಂಪನ್ನು ಜರ್ಮನಿಯಲ್ಲಿ ಶಾಕ್‌ಗೆ ಒಳಗಾದ 600 ರೋಗಿಗಳಲ್ಲಿ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. 30 ದಿನಗಳ ಸಾವಿನ ಲೆಕ್ಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಿರುಪಂಪಿನ ಬಗ್ಗೆ ಡೆನ್ಮಾರ್ಕ್, ಜರ್ಮನಿ, ಬ್ರಿಟನ್ ದೇಶಗಳ 355 ರೋಗಿಗಳ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಪಂಪ್ ಇಟ್ಟವರಲ್ಲಿ 180 ದಿನಗಳೊಳಗೆ ನೂರಕ್ಕೆ ಸುಮಾರು 46 ಮಂದಿ ತೀರಿಕೊಂಡರು. ಇಡದವರಲ್ಲಿ ಈ ಸಂಖ್ಯೆ ನೂರಕ್ಕೆ 58ಕ್ಕೂ ಮಿಕ್ಕಿತ್ತು. ಆದರೆ ಪಂಪ್ ಇಟ್ಟವರಲ್ಲಿ ರಕ್ತಸ್ರಾವ, ಕಾಲಿಗೆ ರಕ್ತ ಸಾಲದಿರುವುದು, ಡಯಾಲಿಸಿಸ್ ಬೇಕಾಗುವುದು ಹೆಚ್ಚಾಗಿತ್ತು.

ಇದರ ಅರ್ಥವಿಷ್ಟೇ: ಯಂತ್ರ ಸರಿಯಾದ ರೋಗಿಗೆ ಬೇಕು, ಸರಿಯಾದ ದಾರಿಯಲ್ಲಿ ಹೋಗಬೇಕು, ಸರಿಯಾದ ಜಾಗದಲ್ಲಿ ಕೂರಬೇಕು. ಈ ಮೂರನ್ನೂ ತೀರ್ಮಾನಿಸುವುದಕ್ಕೆ ಚಿತ್ರಗಳು ಬೇಕು.

ಜಾಗ ತಪ್ಪಿದರೆ ಏನಾಗುತ್ತದೆ?

ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ಲಿಗೆ ಮೋಟಾರು ಇಳಿಸುವಾಗ ಎಷ್ಟು ಅಡಿಗೆ ನೀರಿದೆ, ಕೇಸಿಂಗ್ ಎಲ್ಲಿಯವರೆಗೆ ಇದೆ, ತಳದಲ್ಲಿ ಹೂಳು ಎಷ್ಟಿದೆ ಎಂದು ನೋಡಿಯೇ ಇಳಿಸುತ್ತೀರಿ. ಮೇಲೆ ನಿಂತರೆ ನೀರು ಸಿಗದು. ತೀರ ಕೆಳಗೆ ಹೋದರೆ ಹೂಳು ಎಳೆಯುತ್ತದೆ.

ಕಿರುಪಂಪಿನದೂ ಇದೇ ಲೆಕ್ಕ. ಹೆಚ್ಚು ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ರಕ್ತ ಎಳೆಯುವ ಬಾಯಿ ಕವಾಟದಿಂದ ಸುಮಾರು 3.5 ಸೆಂ.ಮೀ. ಒಳಗಿರಬೇಕು. ಅದು ಮೇಲಕ್ಕೆ ಜರುಗಿದರೆ ಕೋಣೆಯ ರಕ್ತ ಅದಕ್ಕೆ ಸಿಗುವುದೇ ಇಲ್ಲ. ತೀರ ಒಳಗೆ ಹೋದರೆ ಬಿಡುವ ಬಾಯಿಯೂ ಕೋಣೆಯೊಳಗೇ ಸೇರುತ್ತದೆ. ಎತ್ತಿದ ನೀರನ್ನು ಮತ್ತೆ ಅದೇ ಬೋರ್‌ವೆಲ್ಲಿಗೆ ಬಿಟ್ಟಂತೆ! ಪಂಪ್ ತಿರುಗುತ್ತಿರುತ್ತದೆ, ದೇಹಕ್ಕೆ ರಕ್ತ ಹೋಗುವುದಿಲ್ಲ.

ಬಲೂನ್ ಪಂಪಿನದೂ ಹಾಗೆಯೇ. ಅದರ ತುದಿ ಎಡಗೈಗೆ ಹೋಗುವ ರಕ್ತನಾಳ ಹುಟ್ಟುವ ಜಾಗದಿಂದ ಸುಮಾರು 2 ಸೆಂ.ಮೀ. ಕೆಳಗಿರಬೇಕು. ಕೆಳಕ್ಕೆ ಜಾರಿದರೆ ಮೂತ್ರಪಿಂಡದ ರಕ್ತನಾಳಗಳಿಗೆ ಅಡ್ಡವಾಗಬಹುದು. ಮೇಲಕ್ಕೆ ಹೋದರೆ ಕೈಗೆ ಹೋಗುವ ರಕ್ತ ಕಡಿಮೆಯಾಗಬಹುದು.

ದಾರಿಯೂ ಅಷ್ಟೇ ಮುಖ್ಯ. ಆ ಮಾದರಿಯ ಕಿರುಪಂಪಿನ ದಪ್ಪ ಸುಮಾರು 4.7 ಮಿ.ಮೀ. ವರ್ಷಗಟ್ಟಲೆ ಬೀಡಿ ಸೇದಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಕಾಲಿನ ರಕ್ತನಾಳ ಸಣ್ಣದಾಗಿ, ಸುಣ್ಣಗಟ್ಟಿ, ಅಂಕುಡೊಂಕಾಗಿರುವುದುಂಟು. ಅಂಥವರಲ್ಲಿ ಬಲವಂತ ಮಾಡಿದರೆ ನಾಳ ಸೀಳಬಹುದು. ಮೊದಲೇ ತಿಳಿದಿದ್ದರೆ ವೈದ್ಯರು ಕೊರಳೆಲುಬಿನ ಕೆಳಗಿನ ರಕ್ತನಾಳದಂಥ ಬೇರೆ ದಾರಿ ಯೋಚಿಸುತ್ತಾರೆ.

ಒಂದೊಂದು ಚಿತ್ರಕ್ಕೂ ಒಂದೊಂದು ಕೊರತೆ

ಹೃದಯದೊಳಗೆ ನಳಿಕೆ ಕಳಿಸಿ ಅದನ್ನು ಚಿತ್ರದಲ್ಲಿ ಕಾಣುವ ಕೆಲಸಕ್ಕೆ ನೂರು ವರ್ಷದ ಹತ್ತಿರ ಇತಿಹಾಸವಿದೆ. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನದೇ ತೋಳಿನ ರಕ್ತನಾಳದಿಂದ ನಳಿಕೆಯನ್ನು ಹೃದಯದವರೆಗೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ಹೋಗಿ ಚಿತ್ರ ತೆಗೆಸಿದ. ಆತನಿಗೆ 1956ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಎಂಬವರು ಧ್ವನಿತರಂಗದಿಂದ ಹೃದಯ ನೋಡುವ ಎಕೋ ಪರೀಕ್ಷೆಗೆ ದಾರಿ ತೆರೆದರು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ರೋಗಿಯೊಬ್ಬರಿಗೆ ಸಿ.ಟಿ. ಸ್ಕ್ಯಾನ್ ಮಾಡಲಾಯಿತು.

ಇಂದು ಈ ಮೂರೂ ಬೇಕು. ಏಕೆಂದರೆ:

* ಕ್ಯಾಥ್‌ಲ್ಯಾಬಿನ ಎಕ್ಸ್‌ರೇ: ತಂತಿ, ನಳಿಕೆ, ಪಂಪ್ ಚಲಿಸುವುದು ಕಣ್ಣೆದುರಿಗೇ ಕಾಣುತ್ತದೆ. ಆದರೆ ಹೃದಯದ ಗೋಡೆ, ಕವಾಟ ಬರಿಯ ನೆರಳಿನಂತೆ ಮಸುಕು. ರಕ್ತನಾಳ ಕಾಣಬೇಕಾದರೆ ಪ್ರತಿ ಸಲವೂ ಬಣ್ಣದ ಔಷಧಿ ಬಿಡಬೇಕು.
* ಎಕೋ: ಕವಾಟ, ಕೋಣೆ, ಹೆಪ್ಪುಗಟ್ಟಿದ ರಕ್ತ ಚೆನ್ನಾಗಿ ಕಾಣುತ್ತವೆ. ವಿಕಿರಣವಿಲ್ಲ. ಆದರೆ ನೋಡುವ ಕಿಂಡಿ ಸಣ್ಣದು. ತಂತಿ ಎಲ್ಲಿದೆ ಎಂಬುದು ಎಷ್ಟೋ ಸಲ ಸ್ಪಷ್ಟವಾಗದು.
* ಸಿ.ಟಿ. ಸ್ಕ್ಯಾನ್: ತೊಡೆಯಿಂದ ಹೃದಯದವರೆಗಿನ ಇಡೀ ದಾರಿಯ ಅಳತೆ, ತಿರುವು, ಸುಣ್ಣ ಎಲ್ಲವೂ ಸಿಗುತ್ತವೆ. ಆದರೆ ಅದು ನಿನ್ನೆ ಮೊನ್ನೆ ತೆಗೆದ ಚಿತ್ರ. ಈ ಕ್ಷಣದಲ್ಲಿ ಪಂಪ್ ಎಲ್ಲಿದೆ ಎಂದು ಅದು ಹೇಳದು.

ಫ್ಯೂಜನ್ ಇಮೇಜಿಂಗ್ ಅಂದರೇನು?

ಹೀಗೆ ಬೇರೆ ಬೇರೆ ಚಿತ್ರಗಳನ್ನು ಕಂಪ್ಯೂಟರ್ ಸಹಾಯದಿಂದ ಒಂದರ ಮೇಲೊಂದು ಸರಿಯಾಗಿ ಕೂಡಿಸಿ, ಒಂದೇ ಪರದೆಯ ಮೇಲೆ ತೋರಿಸುವುದಕ್ಕೆ ಫ್ಯೂಜನ್ ಇಮೇಜಿಂಗ್ ಎನ್ನುತ್ತಾರೆ.

ಹೊಲದ ಸರ್ವೆ ಮಾಡುವುದನ್ನು ನೀವು ನೋಡಿರಬಹುದು. ಸರ್ವೆಯವರು ಕೈಯಲ್ಲಿ ನಕಾಶೆ ಹಿಡಿದು ಮೊದಲು ಬಾಂದುಗಲ್ಲು ಹುಡುಕುತ್ತಾರೆ. ನಕಾಶೆಯ ಕಲ್ಲು, ನೆಲದ ಕಲ್ಲು ತಾಳೆಯಾದ ಮೇಲೆಯೇ ಗೆರೆ ಎಳೆಯುತ್ತಾರೆ. ಇಲ್ಲಿ ನಕಾಶೆ ಎಂದರೆ ಸಿ.ಟಿ. ಸ್ಕ್ಯಾನ್, ಹೊಲ ಎಂದರೆ ಮೇಜಿನ ಮೇಲೆ ಮಲಗಿರುವ ರೋಗಿಯ ದೇಹ. ಬೆನ್ನೆಲುಬು, ರಕ್ತನಾಳದ ಸುಣ್ಣದ ಕಲೆ, ಮೊದಲೇ ಹಾಕಿದ ಪೇಸ್‌ಮೇಕರ್ ತಂತಿ ಇವೇ ಬಾಂದುಗಲ್ಲುಗಳು.

ಕೆಲಸ ನಡೆಯುವ ಕ್ರಮ ಹೀಗಿದೆ:

ಮೊದಲು ಸಿ.ಟಿ. ಸ್ಕ್ಯಾನ್ ಚಿತ್ರದಿಂದ ಕಂಪ್ಯೂಟರ್ ಮಹಾಧಮನಿ ಮತ್ತು ಹೃದಯದ ಕೋಣೆಗಳನ್ನು ಬೇರ್ಪಡಿಸಿ ತೋರಿಸುತ್ತದೆ. ವೈದ್ಯರು ಕವಾಟದ ಮಟ್ಟ, ಮುಖ್ಯ ಕವಲುಗಳು, ಪಂಪ್ ಕೂರಬೇಕಾದ ಜಾಗ ಇವಕ್ಕೆ ಗುರುತು ಹಾಕುತ್ತಾರೆ. ಕ್ಯಾಥ್‌ಲ್ಯಾಬಿನಲ್ಲಿ ಎರಡು ಬೇರೆ ಬೇರೆ ಕೋನಗಳಿಂದ ಎಕ್ಸ್‌ರೇ ತೆಗೆದು, ಮೇಲೆ ಹೇಳಿದ ಬಾಂದುಗಲ್ಲುಗಳನ್ನು ತಾಳೆ ನೋಡುತ್ತಾರೆ. ತಾಳೆಯಾದ ಮೇಲೆ ಎಕ್ಸ್‌ರೇ ಚಿತ್ರದ ಮೇಲೆಯೇ ರಕ್ತನಾಳ ಮತ್ತು ಕವಾಟದ ಗೆರೆಗಳು ಬಣ್ಣದಲ್ಲಿ ಮೂಡುತ್ತವೆ. ಎಕ್ಸ್‌ರೇ ಯಂತ್ರ ತಿರುಗಿದಂತೆ ಆ ಗೆರೆಗಳೂ ತಿರುಗುತ್ತವೆ.

ಇನ್ನೊಂದು ಬಗೆಯಲ್ಲಿ ಎಕೋ ಮತ್ತು ಎಕ್ಸ್‌ರೇ ಕೂಡಿಸುತ್ತಾರೆ. ಅನ್ನನಾಳದೊಳಗೆ ಇಳಿಸಿದ ಎಕೋ ನಳಿಕೆಯ ತುದಿಯನ್ನು ಕಂಪ್ಯೂಟರ್ ಎಕ್ಸ್‌ರೇಯಲ್ಲಿ ಗುರುತಿಸಿ, ಎಕೋ ಚಿತ್ರವನ್ನು ಅದರ ಸರಿಯಾದ ಜಾಗಕ್ಕೆ ಕೂರಿಸುತ್ತದೆ. ಇದು ಈ ಕ್ಷಣದ ಚಿತ್ರವಾದುದರಿಂದ ಬಡಿಯುವ ಕವಾಟವೂ ಕಾಣುತ್ತದೆ.

ಲಾಭವೇನು? ಮಿತಿಯೇನು?

ದಾರಿ ಮೊದಲೇ ಕಂಡಾಗ ತಡಕಾಡುವುದು ಕಡಿಮೆ. ಒಳಗೆ ಪದೇ ಪದೇ ಬಣ್ಣದ ಔಷಧಿ ಬಿಡುವುದನ್ನು, ಎಕ್ಸ್‌ರೇ ಹೊತ್ತನ್ನು ಕಡಿಮೆ ಮಾಡಿಕೊಳ್ಳಲು ಅವಕಾಶವಾಗುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಇದು ದೊಡ್ಡ ಮಾತು.

ಮಿತಿಗಳೂ ಇವೆ. ಸಿ.ಟಿ. ಸ್ಕ್ಯಾನಿಗೂ ಬಣ್ಣದ ಔಷಧಿ ಬೇಕು, ಸಾಮಾನ್ಯವಾಗಿ 50ರಿಂದ 100 ಮಿ.ಲೀ. ಆದ್ದರಿಂದ ಒಳಗೆ ಉಳಿಸಿದ್ದನ್ನು ಹೊರಗೆ ಖರ್ಚು ಮಾಡಿದಂತೆ ಆಗಬಾರದು ಎಂದು ವೈದ್ಯರು ತೂಗಿ ನೋಡುತ್ತಾರೆ. ಉಸಿರಾಟದಿಂದ, ಬಡಿತದಿಂದ ಹೃದಯ ಅಲುಗುತ್ತಿರುತ್ತದೆ. ಗಟ್ಟಿ ತಂತಿ ಹೋದಾಗ ಡೊಂಕಾದ ನಾಳ ನೆಟ್ಟಗಾಗುತ್ತದೆ. ಆಗ ಗೆರೆಗೂ ನಿಜವಾದ ಜಾಗಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬರಬಹುದು. ಆದ್ದರಿಂದ ಕೂಡಿಸಿದ ಚಿತ್ರ ದಾರಿ ತೋರಿಸುತ್ತದೆ. ಪಂಪ್ ಸರಿಯಾಗಿ ಕೂತಿದೆಯೇ ಎಂದು ಕೊನೆಗೆ ಎಕೋದಲ್ಲಿ ಖಚಿತಪಡಿಸಿಕೊಳ್ಳಲೇಬೇಕು.

ಎಲ್ಲಕ್ಕಿಂತ ದೊಡ್ಡ ಮಿತಿ ಸಮಯದ್ದು. ರಕ್ತದೊತ್ತಡ ಕುಸಿಯುತ್ತಿರುವ ರೋಗಿಯನ್ನು ಸಿ.ಟಿ. ಸ್ಕ್ಯಾನಿಗೆಂದು ಕಾಯಿಸಲಾಗದು. ಅಂಥವರಿಗೆ ಎಕ್ಸ್‌ರೇ ಮತ್ತು ಎಕೋ ನೋಡಿಕೊಂಡೇ ಯಂತ್ರ ಇಡುತ್ತಾರೆ. ಮೊದಲೇ ದಿನ ಗೊತ್ತುಮಾಡಿ ಮಾಡುವ ಚಿಕಿತ್ಸೆಯಲ್ಲಿ, ದಾರಿ ಕಷ್ಟವಿರುವವರಲ್ಲಿ ಫ್ಯೂಜನ್ ಹೆಚ್ಚು ಉಪಯುಕ್ತ.

ನಿಮ್ಮ ಪಾಲಿನ ಕೆಲಸ

1. ಹಳೆಯ ಸಿ.ಡಿ. ತಪ್ಪದೆ ತನ್ನಿರಿ. ಚಿತ್ರ ಕೂಡಿಸುವ ಕಂಪ್ಯೂಟರಿಗೆ ಸ್ಕ್ಯಾನಿನ ಮೂಲ ದಾಖಲೆ ಬೇಕು. ಅದು ಸಿ.ಡಿ.ಯಲ್ಲಿ ಅಥವಾ ಪೆನ್ ಡ್ರೈವ್‌ನಲ್ಲಿ ಇರುತ್ತದೆ. ಕಪ್ಪು ಫಿಲ್ಮು, ಮೊಬೈಲಿನಲ್ಲಿ ತೆಗೆದ ಫೋಟೋ ಈ ಕೆಲಸಕ್ಕೆ ಬಾರವು. ವರದಿಯ ಹಾಳೆ ಇಟ್ಟುಕೊಂಡು ಸಿ.ಡಿ.ಯನ್ನು ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟಿದವರುಂಟು! ಹಾಗೆ ಮಾಡಬೇಡಿರಿ. ಇತ್ತೀಚಿನ ಸ್ಕ್ಯಾನ್ ಸಿಕ್ಕರೆ ಮತ್ತೊಮ್ಮೆ ಸ್ಕ್ಯಾನ್ ಮಾಡುವುದು ತಪ್ಪಬಹುದು. ಹಣವೂ ಉಳಿದೀತು, ಮೂತ್ರಪಿಂಡವೂ ಉಳಿದೀತು.

2. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ಆಸ್ತಮಾ ಇದ್ದರೆ, ಹಿಂದೆ ಬಣ್ಣದ ಔಷಧಿಯಿಂದ ಮೈ ತುರಿಕೆ, ದದ್ದು, ಉಸಿರುಗಟ್ಟುವಿಕೆ ಆಗಿದ್ದರೆ ಕೇಳುವ ಮೊದಲೇ ಹೇಳಿರಿ. ಗರ್ಭಿಣಿ ಇರಬಹುದೆಂಬ ಸಂಶಯವಿದ್ದರೆ ಮುಚ್ಚಿಡಬೇಡಿರಿ.

3. ಹೃದಯದ ಕವಾಟ ಬದಲಿಸಿದ್ದರೆ, ಸ್ಟೆಂಟ್ ಅಥವಾ ಪೇಸ್‌ಮೇಕರ್ ಹಾಕಿದ್ದರೆ ಅದರ ಕಾರ್ಡ್ ತೋರಿಸಿರಿ. ಮಹಾಧಮನಿಯ ಕವಾಟದ ಜಾಗದಲ್ಲಿ ಲೋಹದ ಕೃತಕ ಕವಾಟ ಇರುವವರಲ್ಲಿ, ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿರುವವರಲ್ಲಿ ಕಿರುಪಂಪ್ ಇಡಲಾಗದು.

4. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ, ಇಲ್ಲವೇ ಚೀಟಿ ಸಮೇತ ಮಾತ್ರೆಗಳನ್ನೇ ತನ್ನಿರಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಕೆಲವರಲ್ಲಿ ಎರಡು ದಿನ ನಿಲ್ಲಿಸಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನಾಗಲಿ ಇದನ್ನಾಗಲಿ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿರಿ.

5. ಉಪವಾಸ ಇರಲು ಹೇಳಿದ ಮೇಲೆ "ಒಂದು ಗುಟುಕು ಚಹಾ" ಎಂದು ಕೊಡಬೇಡಿರಿ. ಅನ್ನನಾಳದ ಎಕೋ ಇದ್ದರೆ ಕಟ್ಟಿಸಿದ ಹಲ್ಲು ತೆಗೆಯಬೇಕು. ನುಂಗಲು ತೊಂದರೆ ಇದ್ದರೆ ತಿಳಿಸಬೇಕು.

6. ಲೋಹದ ವಸ್ತುಗಳು ಚಿತ್ರದಲ್ಲಿ ನೆರಳು ಬೀಳಿಸುತ್ತವೆ. ಸರ, ತಾಯತ, ಬೆಳ್ಳಿ ಉಡದಾರ ತೆಗೆದು ಮನೆಯವರ ಕೈಗೆ ಕೊಡಿರಿ. ಇಷ್ಟಲಿಂಗ ಧರಿಸಿದವರು ಸಂಕೋಚಪಡದೆ ಮೊದಲೇ ತಿಳಿಸಿರಿ. ಬೆಳ್ಳಿಯ ಕರಡಿಗೆಯನ್ನೂ ಸರಪಳಿಯನ್ನೂ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ, ಚಿತ್ರಕ್ಕೂ ಚಿಕಿತ್ಸೆಗೂ ಅಡ್ಡವಾಗದ ಕಡೆ ಇರಿಸಿಕೊಳ್ಳಲು ಸಾಧ್ಯವೇ ಎಂದು ಸಿಬ್ಬಂದಿಯೊಂದಿಗೆ ಮಾತನಾಡಿರಿ. ಸಾಧ್ಯವಾಗದಿದ್ದಾಗ ಅಷ್ಟು ಹೊತ್ತು ಅದನ್ನು ಯಾರ ಕೈಗೆ ಕೊಡಬೇಕೆಂಬುದನ್ನು ರೋಗಿಯೇ ಹೇಳಲಿ. ಕೊನೆಯ ಗಳಿಗೆಯಲ್ಲಿ ಗಡಿಬಿಡಿ ಬೇಡ.

7. ಸಿ.ಟಿ. ಸ್ಕ್ಯಾನ್ ವೇಳೆ ಉಸಿರು ಹಿಡಿಯಲು ಹೇಳಿದಾಗ ಅಲುಗದೆ ಹಿಡಿಯಿರಿ. ಬಣ್ಣದ ಔಷಧಿ ಹೋದಾಗ ಮೈ ಬೆಚ್ಚಗಾದಂತೆ, ಮೂತ್ರ ಬಂದಂತೆ ಅನ್ನಿಸುವುದು ಸಾಮಾನ್ಯ. ಹೆದರಬೇಡಿರಿ.

ಯಂತ್ರ ಇಟ್ಟ ಮೇಲೆ

ಯಂತ್ರ ಇಟ್ಟ ಕಾಲನ್ನು ಮಡಚಬಾರದು. "ಮಲಗಿ ಮಲಗಿ ಬ್ಯಾಸರಾಗೇತಿ, ಸ್ವಲ್ಪ ಕೂಡಿಸ್ರಿ" ಎಂದು ರೋಗಿ ಕೇಳಿದರೂ ನೀವಾಗಿಯೇ ಎಬ್ಬಿಸಿ ಕೂಡಿಸಬೇಡಿರಿ. ಪಂಪ್ ಜಾಗ ಬಿಟ್ಟು ಜರುಗಬಹುದು. ಪಂಪ್ ಕೂತ ಜಾಗವನ್ನು ಆಮೇಲೂ ಎಕೋ ಮಾಡಿ ನೋಡುತ್ತಿರುತ್ತಾರೆ. "ನಿನ್ನೆಯಷ್ಟೇ ಆತಲ್ಲ" ಎಂದು ಬೇಸರಪಡಬೇಡಿರಿ.

ಒಳಗೆ ಬಿಟ್ಟಾಗ ನೀವು ಗಮನಿಸಬೇಕಾದ ಸಂಗತಿಗಳು: ಆ ಕಾಲು ತಣ್ಣಗಾಗುವುದು, ಬಿಳುಚುವುದು, ನೀಲಿಯಾಗುವುದು, ಜೋಮು ಅಥವಾ ನೋವು, ತೊಡೆಸಂದಿನಲ್ಲಿ ರಕ್ತ ಅಥವಾ ಊತ, ಮೂತ್ರ ಕಡಿಮೆಯಾಗುವುದು ಅಥವಾ ಕೆಂಪಗೆ, ಕಂದು ಬಣ್ಣಕ್ಕೆ ತಿರುಗುವುದು, ಮಾತು ತೊದಲುವುದು. ಇವುಗಳಲ್ಲಿ ಒಂದು ಕಂಡರೂ ಕೂಡಲೇ ಸಿಸ್ಟರ್‌ಗೆ ತಿಳಿಸಿರಿ. ಡಾಕ್ಟರು ರೌಂಡಿಗೆ ಬರುವವರೆಗೆ ಕಾಯಬೇಡಿರಿ.

ಸಂದೇಹ – ಸಮಾಧಾನ

*ಫ್ಯೂಜನ್ ಸೌಲಭ್ಯ ಇಲ್ಲದ ಆಸ್ಪತ್ರೆಯಲ್ಲಿ ಯಂತ್ರ ಇಡಿಸಬಹುದೇ?*
ಇಡಿಸಬಹುದು. ಈ ಸೌಲಭ್ಯ ಇರುವುದು ಕೆಲವು ದೊಡ್ಡ ಕೇಂದ್ರಗಳಲ್ಲಿ ಮಾತ್ರ. ಎಕ್ಸ್‌ರೇ ಮತ್ತು ಎಕೋ ನೋಡಿಕೊಂಡು ಯಂತ್ರ ಇಡುವುದು ಇಂದಿಗೂ ಸಾಮಾನ್ಯ ಪದ್ಧತಿ. ತುರ್ತು ಸ್ಥಿತಿಯಲ್ಲಿ ಫ್ಯೂಜನ್ ಹುಡುಕಿಕೊಂಡು ದೂರದ ಊರಿಗೆ ಹೋಗಿ ಹೊತ್ತು ಕಳೆಯಬೇಡಿರಿ.

*ಇಷ್ಟೊಂದು ಎಕ್ಸ್‌ರೇ, ಸ್ಕ್ಯಾನ್‌ಗಳಿಂದ ಹಾನಿ ಇಲ್ಲವೇ?*
ವಿಕಿರಣದಿಂದ ಸಣ್ಣ ಪ್ರಮಾಣದ ಅಪಾಯವಿದೆ. ಅದಕ್ಕಾಗಿಯೇ ಅಗತ್ಯವಿದ್ದಷ್ಟೇ ಬಳಸುತ್ತಾರೆ. ಪ್ರಾಣಕ್ಕೆ ಬಂದಿರುವ ಅಪಾಯದ ಎದುರು ಇದು ಬಹಳ ಕಡಿಮೆ.

*ಯಂತ್ರ ಇಟ್ಟರೆ ಉಳಿಯುತ್ತಾರೆಯೇ?*
ಭರವಸೆ ಕೊಡಲಾಗದು. ಮೇಲೆ ಕೊಟ್ಟ ಅಂಕಿಗಳನ್ನು ಇನ್ನೊಮ್ಮೆ ನೋಡಿರಿ. ಸಹಿ ಮಾಡುವ ಮೊದಲು ಈ ನಾಲ್ಕು ಪ್ರಶ್ನೆ ಕೇಳಿರಿ: ಇವರಿಗೆ ಯಂತ್ರದಿಂದ ಯಾವ ಉಪಯೋಗ ನಿರೀಕ್ಷಿಸುತ್ತೀರಿ? ಇವರಲ್ಲಿ ದೊಡ್ಡ ಅಪಾಯ ಯಾವುದು? ಎಷ್ಟು ದಿನ ಇಡಬೇಕು? ಸುಧಾರಿಸದಿದ್ದರೆ ಮುಂದೇನು? ಹೀಗೆ ಕೇಳುವುದು ಅವಿಶ್ವಾಸವಲ್ಲ. ವೈದ್ಯರು ತಪ್ಪು ತಿಳಿಯುವುದಿಲ್ಲ.

*ಖರ್ಚಿನ ಗತಿ ಏನು?*
ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಆದರೆ ಎಲ್ಲ ಯಂತ್ರಗಳೂ ಇದರಲ್ಲಿ ಸೇರುತ್ತವೆ ಎಂದು ತಿಳಿಯಬೇಡಿರಿ. ಕಿರುಪಂಪ್ ಬಹಳ ದುಬಾರಿ. ಯಾವುದು ಸೇರುತ್ತದೆ, ಯಾವುದು ಇಲ್ಲ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ ತಿಳಿಯಿರಿ. ರೇಷನ್ ಕಾರ್ಡ್, ಆಧಾರ್ ಕಾರ್ಡ್, ರೆಫರಲ್ ಚೀಟಿ ಜೊತೆಗಿರಲಿ.

ಕೊನೆಯದಾಗಿ

ಎಂಥ ಚಿತ್ರವೂ ಕಳೆದುಹೋದ ಹೊತ್ತನ್ನು ತಂದುಕೊಡದು. ಎದೆ ಹಿಂಡಿದಂತೆ ನೋವು, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಏದುಸಿರು ಕಂಡರೆ "ವಾಯು ಇರಬಹುದು" ಎಂದು ಸೋಡಾ ಕುಡಿಸುತ್ತ ಕೂರಬೇಡಿರಿ. 108ಕ್ಕೆ ಫೋನ್ ಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ, ಇಲ್ಲವೇ ಕೊಪ್ಪಳದ ಜಿಲ್ಲಾ ಬೋಧಕ ಆಸ್ಪತ್ರೆಗೆ ಹೋಗಿರಿ. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ತೋರಿಸಿ, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹೃದಯದ ಸ್ನಾಯು ಬೇಗ ಉಳಿದಷ್ಟೂ ಆಸರೆಯ ಯಂತ್ರದ ಅಗತ್ಯವೇ ಕಡಿಮೆಯಾಗುತ್ತದೆ.

ದೊಡ್ಡ ಆಸ್ಪತ್ರೆಗೆ ಕಳಿಸುವಾಗ ಒಂದು ಚೀಟಿಯ ಮೇಲೆ ನೋವು ಶುರುವಾದ ಹೊತ್ತು, ಕೊಟ್ಟ ಚುಚ್ಚುಮದ್ದು, ಅದನ್ನು ಕೊಟ್ಟ ಹೊತ್ತು ಬರೆಸಿಕೊಳ್ಳಿರಿ. ಇಸಿಜಿ, ಎಕೋ ವರದಿ, ಆಂಜಿಯೋಗ್ರಾಂ ಮತ್ತು ಸಿ.ಟಿ. ಸ್ಕ್ಯಾನಿನ ಸಿ.ಡಿ.ಗಳನ್ನು ಒಂದೇ ಚೀಲದಲ್ಲಿಟ್ಟು, ಆ ಚೀಲವನ್ನು ಅಂಬ್ಯುಲೆನ್ಸಿನಲ್ಲಿ ರೋಗಿಯ ಜೊತೆ ಹೋಗುವವರ ಕೈಗೇ ಕೊಡಿರಿ. ಹಿಂದಿನ ಬಸ್ಸಿಗೆ ಬರುವವರ ಕೈಯಲ್ಲಿ ಉಳಿದರೆ ಅದು ಬಂದು ಮುಟ್ಟುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.